ಜೇಬಿನ ಮೊಬೈಲು, ಹೊಲದ ಕೆಲಸ, ಒಂದಿಷ್ಟು ಸಂತೋಷ



ಬಿತ್ತನೆ, ಗೊಬ್ಬರ, ಕೀಟ, ರೋಗ ಇವುಗಳ ವಿಚಾರವನ್ನು ತಾವು ಈ ಕಾರ್ಯಕ್ರಮದಲ್ಲಿ ಕೇಳುತ್ತಲೇ ಬಂದಿದ್ದೀರಿ. ಈ ಹೊತ್ತು ಬೇರೊಂದು ಸಲಕರಣೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ನೇಗಿಲಲ್ಲ, ಕುಂಟೆಯಲ್ಲ, ಕೂರಿಗೆಯೂ ಅಲ್ಲ. ತಮ್ಮ ಅಂಗಿಯ ಜೇಬಿನಲ್ಲಿಯೋ, ಸೊಂಟದ ಚೀಲದಲ್ಲಿಯೋ ಇರುವ ಮೊಬೈಲು.

"ಅದರಲ್ಲಿ ಹೇಳೋದೇನಿದೆ? ಮಾತಾಡ್ತೀವಿ, ಹುಡುಗರು ಸಿನಿಮಾ ತುಣುಕು ನೋಡ್ತಾರೆ, ಅಷ್ಟೇ" ಎಂದು ತಾವು ಅನ್ನಬಹುದು. ಅಷ್ಟೇ ಅಲ್ಲ. ಅದರೊಳಗೆ ಕಾಸು ಖರ್ಚಿಲ್ಲದೆ ಹಾಕಿಕೊಳ್ಳಬಹುದಾದ ಕೆಲವು ಆ್ಯಪ್‌ಗಳಿವೆ. ಕೆಲವು ಜಮೀನಿನ ಕೆಲಸಕ್ಕೆ ಬರುತ್ತವೆ, ಕೆಲವು ಜೀವ ಉಳಿಸುತ್ತವೆ, ಇನ್ನು ಕೆಲವು ಬರೀ ಮನಸ್ಸಿನ ಸಂತೋಷಕ್ಕೆ. ಸಂತೋಷಕ್ಕೆ ಎಂದರೆ ಹಗುರವಾಗಿ ಎಣಿಸಬೇಡಿ. ದಿನವಿಡೀ ದುಡಿದವರಿಗೆ ಸಂಜೆ ಜಗಲಿಯ ಮೇಲೆ ಕೂತು ಹೊಸದೊಂದು ಸಂಗತಿ ತಿಳಿದುಕೊಳ್ಳುವ ಖುಷಿಯೂ ಬೇಕು.

ಈ ವಿಷಯವನ್ನು ಬೆಂಗಳೂರಿನ ಬಿಟಿಎಂ ಲೇಔಟಿನಿಂದ ಆರಂಭಿಸುತ್ತೇನೆ. ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಓದಿದ ಎಷ್ಟೋ ಹುಡುಗರು, ಹುಡುಗಿಯರು ಇಂದು ಆ ಬಡಾವಣೆಯ ಬಾಡಿಗೆ ಕೋಣೆಗಳಲ್ಲಿ, ಪಿ.ಜಿ. ಎಂದು ಕರೆಯುವ ವಸತಿಗಳಲ್ಲಿ ಇದ್ದಾರೆ. ಊರಿಗೆ ಬಂದಾಗ ಅಪ್ಪನ ಮೊಬೈಲಿಗೆ ಇವನ್ನೆಲ್ಲ ಹಾಕಿಕೊಡಬಲ್ಲವರು ಅವರೇ. ಹಾಗೆಯೇ, ಅವರಿಗೆ ತಿಳಿಯದ್ದನ್ನು ಹೇಳಿಕೊಡಬಲ್ಲವರು ತಾವು. ಅದು ಹೇಗೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಬಿಟಿಎಂ ಎಂದರೆ ಏನು ಗೊತ್ತೇ? ಇಂಗ್ಲಿಷಿನ ಯಾವುದೋ ದೊಡ್ಡ ಹೆಸರು ಇರಬೇಕೆಂದು ಅಲ್ಲಿ ವಾಸ ಮಾಡುವವರಲ್ಲಿಯೇ ಹಲವರು ತಿಳಿದಿದ್ದಾರೆ. ಅದು ಮೂರು ಹಳ್ಳಿಗಳ ಹೆಸರಿನ ಮೊದಲ ಅಕ್ಷರ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಹಳ್ಳಿ, ಹೊಲ, ಕೆರೆ ಇದ್ದ ಜಾಗ ಅದು. ಮಡಿವಾಳ ಕೆರೆ ಇವತ್ತಿಗೂ ಇದೆ, ಬೆಂಗಳೂರಿನ ದೊಡ್ಡ ಕೆರೆಗಳಲ್ಲಿ ಅದೂ ಒಂದು. ರೇಷ್ಮೆ ಬೆಳೆಗಾರರಿಗೆ ಇನ್ನೊಂದು ಮಾತು. ವಾಹನಗಳ ದಟ್ಟಣೆಗೆ ಹೆಸರಾದ "ಸಿಲ್ಕ್ ಬೋರ್ಡ್" ವೃತ್ತವಿದೆಯಲ್ಲ, ಅದಕ್ಕೆ ಆ ಹೆಸರು ಬಂದದ್ದು ಅಲ್ಲಿಯೇ ಇರುವ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿಂದ. 1948ರ ಕಾಯಿದೆಯಿಂದ ಹುಟ್ಟಿದ ಮಂಡಳಿ ಅದು. ಅಂತೂ ಆ ಬಡಾವಣೆ ನಮಗೆ ಪರಕೀಯವಲ್ಲ.

ಈಗ ಮೊದಲನೆಯ ಆ್ಯಪ್‌ಗೆ ಬರೋಣ. ಅದರ ಹೆಸರು ದಿಶಾಂಕ್. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದವರು ಇದನ್ನು ತಯಾರಿಸಿದ್ದಾರೆ. ಭೂಮಾಪನ ಇಲಾಖೆಯಲ್ಲಿರುವ ಹಳೆಯ ಗ್ರಾಮನಕ್ಷೆಗಳನ್ನು ಆಕಾಶದಿಂದ ತೆಗೆದ ಚಿತ್ರದ ಮೇಲೆ ಹೊದಿಸಿದ್ದಾರೆ. ತಾವು ನಿಂತ ಜಾಗದಲ್ಲಿ ಅದನ್ನು ತೆರೆದರೆ, ಅದು ಯಾವ ಗ್ರಾಮ, ಯಾವ ಹೋಬಳಿ, ಯಾವ ಸರ್ವೆ ನಂಬರು ಎಂಬುದು ಕಾಣುತ್ತದೆ.

ಬಿಟಿಎಂ ಬಡಾವಣೆಯಲ್ಲಿ ನಿಂತು ತಮ್ಮ ಮಗ ಇದನ್ನು ತೆರೆಯಲಿ. ಮೇಲೆ ನೋಡಿದರೆ ಹೋಟೆಲು, ಅಂಗಡಿ, ನಾಲ್ಕು ಮಹಡಿ ಮನೆ. ಮೊಬೈಲಿನಲ್ಲಿ ನೋಡಿದರೆ ಅದರ ಅಡಿಯಲ್ಲಿ ಹಳೆಯ ಊರಿನ ಹೆಸರು, ಹೊಲಗಳ ಗಡಿಗೆರೆ, ಸರ್ವೆ ನಂಬರು! ಡಾಂಬರು ಬಿದ್ದರೂ ಗ್ರಾಮನಕ್ಷೆ ಅಳಿಸಿಹೋಗಿಲ್ಲ. ಇದೊಂದು ಮೋಜಿನ ಆಟ. ದಿನವೂ ನಡೆಯುವ ದಾರಿ ಒಂದು ಕಾಲಕ್ಕೆ ಹೊಲವೋ, ಕೆರೆಯಂಗಳವೋ, ಕಾಲುವೆಯೋ ಎಂದು ತಿಳಿದಾಗ ಮನಸ್ಸಿಗೆ ಒಂದು ಥರಾ ಆಗುತ್ತದೆ.

ಇದೇ ಆಟವನ್ನು ತಾವು ತಮ್ಮ ಹೊಲದಲ್ಲಿ ಆಡಿ. ಮೊಬೈಲಿನಲ್ಲಿ "ಲೊಕೇಶನ್" ಎಂಬುದನ್ನು ಚಾಲೂ ಮಾಡಿ, ಬಯಲಿನಲ್ಲಿ ನಿಂತು, ಒಂದೆರಡು ನಿಮಿಷ ಬಿಟ್ಟು ನೋಡಿ. ಬದುವಿನ ಮೇಲೆ ನಡೆಯುತ್ತಾ ಹೋದರೆ ಚುಕ್ಕೆಯೂ ತಮ್ಮ ಜೊತೆ ನಡೆಯುತ್ತದೆ. ಹಳ್ಳ ಎಲ್ಲಿ, ಬಂಡಿದಾರಿ ಎಲ್ಲಿ, ಗೋಮಾಳ ಎಲ್ಲಿಂದ ಶುರು, ಇವೆಲ್ಲ ಮಕ್ಕಳಿಗೆ ತೋರಿಸಿ. ಅಜ್ಜನ ಕಾಲದಲ್ಲಿ ಜಮೀನು ಹೇಗಿತ್ತು, ಯಾವ ಮೂಲೆ ಯಾವಾಗ ಪಾಲಾಯಿತು ಎಂದು ತಾವು ಹೇಳಿ. ಇದು ಮೊಬೈಲಿನಲ್ಲಿ ಇಲ್ಲ, ತಮ್ಮ ತಲೆಯಲ್ಲಿ ಮಾತ್ರ ಇದೆ.

ಆದರೆ ಇಲ್ಲೊಂದು ಎಚ್ಚರಿಕೆಯ ಮಾತು. ದಯವಿಟ್ಟು ಗಮನವಿಟ್ಟು ಕೇಳಿ. ಮೊಬೈಲು ತಾನಿರುವ ಜಾಗವನ್ನು ತಿಳಿಯುವುದು ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತದಿಂದ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಲೆಕ್ಕ ಕೂಡುತ್ತದೆ. ಬಯಲಿನಲ್ಲಿಯೂ ನಾಲ್ಕೈದು ಮೀಟರ್ ಆಚೀಚೆ ಆಗುವುದು ಸಾಮಾನ್ಯ. ದಟ್ಟ ತೋಪಿನಲ್ಲಿ, ಎತ್ತರದ ಕಟ್ಟಡಗಳ ಸಂದಿಯಲ್ಲಿ ಇನ್ನೂ ಹೆಚ್ಚು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಸುಮಾರು 10 ಮೀಟರ್ ಉದ್ದಗಲ. ಐದು ಮೀಟರ್ ತಪ್ಪಿದರೆ ಅರ್ಧ ಗುಂಟೆಯಷ್ಟು ಗೆರೆ ಆಚೆ ಹೋದಂತೆ. ಆದ್ದರಿಂದ ಮೊಬೈಲು ನೋಡಿ ಬಾಂದುಕಲ್ಲು ಕೀಳಲು ಹೋಗಬೇಡಿ, ಪಕ್ಕದ ಹೊಲದವರ ಮೇಲೆ ಜಗಳಕ್ಕೂ ಹೋಗಬೇಡಿ. ಗಡಿಯ ಬಗ್ಗೆ ಅನುಮಾನ ಬಂದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯವರು ಬಂದು ಅಳತೆ ಮಾಡಿದ್ದೇ ಪ್ರಮಾಣ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಹಿರಿಯರು ಹೇಳಿದ್ದಾರೆ. ಮೊಬೈಲಿನ ವಿಚಾರದಲ್ಲಿ ಈ ಮಾತನ್ನು ಮೊದಲಿನಿಂದ ಕೊನೆಯವರೆಗೆ ನೆನಪಿಡಬೇಕು.

ಆ ಆ್ಯಪ್ ನಿಜವಾಗಿ ತಮ್ಮ ಗಂಟು ಉಳಿಸುವುದು ಬೇರೆ ಕಡೆ. ಹೇಳುತ್ತೇನೆ ಕೇಳಿ. ಮಗನಿಗೋ ಮಗಳಿಗೋ ಬೆಂಗಳೂರಿನಲ್ಲಿ ಒಂದು ಸೈಟು ಆಗಲಿ ಎಂದು ಊರಿನಲ್ಲಿ ಎಕರೆ ಜಮೀನು ಮಾರುವವರು ಇದ್ದಾರೆ. ಬ್ರೋಕರು ಕರೆದುಕೊಂಡು ಹೋಗಿ ಸುಣ್ಣದ ಗೆರೆ ಹಾಕಿದ ಜಾಗ ತೋರಿಸುತ್ತಾನೆ. ನೋಡಿದರೆ ಸಮತಟ್ಟಾಗಿದೆ, ಚೊಕ್ಕಟವಾಗಿದೆ. ಆದರೆ ಆ ಮಣ್ಣಿನ ಅಡಿಯಲ್ಲಿ ರಾಜಕಾಲುವೆ ಇತ್ತೋ, ಕೆರೆಯಂಗಳ ಇತ್ತೋ ಯಾರಿಗೆ ಗೊತ್ತು? ಅಲ್ಲಿ ನಿಂತು ದಿಶಾಂಕ್ ತೆರೆದು ನೋಡಿ. ಕೆರೆ, ಕಾಲುವೆ, ಸರ್ಕಾರಿ ಜಮೀನಿನ ಗೆರೆ ಹತ್ತಿರ ಹಾಯ್ದಿದ್ದರೆ ಮುಂಗಡದ ಹಣ ಜೇಬಿನಿಂದ ತೆಗೆಯಬೇಡಿ.

ಅಷ್ಟರಿಂದಲೇ ಮುಗಿಯಲಿಲ್ಲ. ಸರ್ವೆ ನಂಬರು ಗೊತ್ತಾದ ಮೇಲೆ ಭೂಮಿ ಎಂಬ ಸರ್ಕಾರದ ಜಾಲತಾಣದಲ್ಲಿ ಅದರ ಪಹಣಿ ತೆಗೆಯಿರಿ. ನಮ್ಮ ರಾಜ್ಯದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿದ ಯೋಜನೆ ಇದು, 2000ದ ಸುಮಾರಿಗೆ ಜಾರಿಗೆ ಬಂತು. ಪಹಣಿಯ 9ನೇ ಕಲಮಿನಲ್ಲಿ ಸ್ವಾಧೀನದಾರರ ಹೆಸರು, 11ನೇ ಕಲಮಿನಲ್ಲಿ ಸಾಲ ಮತ್ತು ಋಣದ ವಿವರ ಇರುತ್ತದೆ. ಖರಾಬು ಎಷ್ಟು ಎಂಬುದನ್ನೂ ನೋಡಿ. ಅದರಲ್ಲಿ "ಬ" ಖರಾಬು ಎಂದರೆ ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗದ ನೆಲ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ಸಿಗುತ್ತದೆ. ಇಷ್ಟನ್ನು ನೋಡಿ, ಆಮೇಲೆ ವಕೀಲರ ಹತ್ತಿರ ಹೋಗಿ.

ಕಾಲುವೆ ಮುಚ್ಚಿದರೇನು, ನೀರು ಎಲ್ಲಾದರೂ ಹೋಗುತ್ತದೆ ಅಂತ ಕೆಲವರು ಅನ್ನುತ್ತಾರೆ. ಹೊಲ ಮಾಡುವ ನಮಗೆ ಗೊತ್ತು, ನೀರು ತಗ್ಗನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಮನೆಗಳಿಗೆ ನೀರು ನುಗ್ಗಿ ಜನರನ್ನು ದೋಣಿ, ಟ್ರಾಕ್ಟರುಗಳಲ್ಲಿ ಸಾಗಿಸಬೇಕಾಯಿತು. 2025ರ ಮೇ ತಿಂಗಳಿನಲ್ಲಿ ಇದೇ ಬಿಟಿಎಂ ಬಡಾವಣೆಯ ಎರಡನೇ ಹಂತದಲ್ಲಿ, ಒಂದು ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ನಿಂತ ಮಳೆನೀರನ್ನು ಪಂಪಿನಿಂದ ಹೊರಹಾಕುವಾಗ ಕರೆಂಟು ಹೊಡೆದು ಇಬ್ಬರು ತೀರಿಕೊಂಡರು, ಅವರಲ್ಲಿ ಒಬ್ಬ ಚಿಕ್ಕ ಹುಡುಗ. ಆದ್ದರಿಂದ ಮಕ್ಕಳು ಬಾಡಿಗೆಗೆ ಮನೆ ಹಿಡಿಯುವಾಗಲೂ ಸುತ್ತಿನ ನೆಲದ ಇಳುಕಲು ನೋಡಲಿ. ಮಳೆಗಾಲದಲ್ಲಿ ಇಲ್ಲಿ ನೀರು ನಿಲ್ಲುತ್ತದೆಯೇ ಎಂದು ಅಕ್ಕಪಕ್ಕದವರನ್ನು ಕೇಳಲಿ. ನೀರಿನಲ್ಲಿ ನಿಂತು ಪಂಪು ಮುಟ್ಟಬಾರದು ಎಂಬ ಮಾತು ನಮ್ಮ ಬಾವಿ ಕಟ್ಟೆಗೂ ಅನ್ವಯಿಸುತ್ತದೆ.

ಮಳೆಯ ಮಾತು ಬಂತು, ಮಳೆಯನ್ನು ತಿಳಿಸುವ ಆ್ಯಪ್ ನೋಡೋಣ. ಇದರ ಹೆಸರು ಮೇಘದೂತ್. ಭಾರತ ಹವಾಮಾನ ಇಲಾಖೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಹಾಗೂ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಕೂಡಿ 2019ರಲ್ಲಿ ಹೊರತಂದದ್ದು. ತಮ್ಮ ಜಿಲ್ಲೆಯನ್ನು ಆರಿಸಿಕೊಂಡರೆ ಮುಂದಿನ ಐದು ದಿನದ ಮಳೆ, ಬಿಸಿಲು, ಗಾಳಿ, ತೇವಾಂಶದ ಮುನ್ಸೂಚನೆ ಸಿಗುತ್ತದೆ. ಮಂಗಳವಾರ ಮತ್ತು ಶುಕ್ರವಾರ ಬೆಳೆವಾರು ಸಲಹೆ ಬರುತ್ತದೆ. ಕನ್ನಡದಲ್ಲಿಯೂ ಓದಬಹುದು.

ಮುನ್ಸೂಚನೆಯನ್ನು ಓದುವುದಕ್ಕೂ ಒಂದು ಕ್ರಮವಿದೆ. "ಜಿಲ್ಲೆಯ ಒಂದೆರಡು ಕಡೆ ಮಳೆ" ಎಂದು ಹೇಳಿ ತಮ್ಮೂರಿಗೆ ಬರಲಿಲ್ಲವೆಂದರೆ ಇಲಾಖೆಯವರು ಸುಳ್ಳು ಹೇಳಿದರು ಎಂದಲ್ಲ. ಮಳೆ ಅಳೆಯುವ ನೂರು ಕೇಂದ್ರಗಳಿದ್ದರೆ ಇಪ್ಪತ್ತೈದಕ್ಕಿಂತ ಹೆಚ್ಚು ಕಡೆ ಬೀಳದು ಎಂಬುದು ಆ ಮಾತಿನ ಅರ್ಥ. "ಭಾರೀ ಮಳೆ" ಎಂಬುದಕ್ಕೂ ಲೆಕ್ಕವಿದೆ. ಇಪ್ಪತ್ನಾಲ್ಕು ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರ ವರೆಗೆ ಬಿದ್ದರೆ ಭಾರೀ ಮಳೆ, ಅದನ್ನೂ ಮೀರಿದರೆ ಅತಿ ಭಾರೀ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿತ್ತು ಎಂದರೆ ಸುಮಾರು 4,000 ಲೀಟರ್ ನೀರು ಬಿದ್ದಂತೆ. ಈಗ ತಾವೇ ಲೆಕ್ಕ ಹಾಕಿ. ನಾಳೆ ಭಾರೀ ಮಳೆ ಎಂದಿದ್ದರೆ ಇವತ್ತು ಯೂರಿಯಾ ಮೇಲುಗೊಬ್ಬರ ಎರಚುವುದೇ? ಔಷಧಿ ಸಿಂಪಡಿಸುವುದೇ? ಕಣದಲ್ಲಿ ರಾಗಿ ತೆನೆ ಹರವುವುದೇ? ಒಂದು ದಿನ ತಡೆದರೆ ಒಂದು ಚೀಲ ಗೊಬ್ಬರದ ಬೆಲೆ ಉಳಿಯಿತು.

ಮೊಬೈಲು ಹೇಳಿದ್ದನ್ನು ಪ್ರಮಾಣಿಸಿ ನೋಡುವುದಕ್ಕೆ ಒಂದು ಸುಲಭ ಸಾಧನ ಹೇಳುತ್ತೇನೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ತೆಗೆದುಕೊಳ್ಳಿ. ತಳ ಸಪಾಟಾಗಿರಬೇಕು. ಮರದ ನೆರಳು, ಮಾಡಿನ ಹನಿ ತಾಗದ ಬಯಲು ಜಾಗದಲ್ಲಿ, ಗಾಳಿಗೆ ಬೀಳದಂತೆ ಮೂರು ಕಲ್ಲಿನ ನಡುವೆ ಇಡಿ. ಮರುದಿನ ಬೆಳಿಗ್ಗೆ ಎಂಟೂವರೆಗೆ ಶಾಲೆಯ ಅಳತೆಪಟ್ಟಿ ಇಳಿಸಿ ನೀರಿನ ಆಳ ನೋಡಿ. ಪಟ್ಟಿಯ ತುದಿಗೂ ಸೊನ್ನೆ ಗೆರೆಗೂ ನಡುವೆ ಜಾಗವಿದ್ದರೆ ಅಷ್ಟನ್ನು ಸೇರಿಸಿಕೊಳ್ಳಿ. ಎಷ್ಟು ಮಿಲಿಮೀಟರ್ ಆಳವೋ ಅಷ್ಟು ಮಿಲಿಮೀಟರ್ ಮಳೆ. ಈ ಕೆಲಸ ಮಕ್ಕಳಿಗೆ ವಹಿಸಿ, ಒಂದು ನೋಟುಪುಸ್ತಕದಲ್ಲಿ ದಿನಾಂಕ ಸಹಿತ ಬರೆಯಲಿ. ಬಿಟಿಎಂನಲ್ಲಿರುವ ಅಣ್ಣನೂ ತಾರಸಿಯ ಮೇಲೆ ಒಂದು ಡಬ್ಬಿ ಇಡಲಿ. ಸಂಜೆ ಮೊಬೈಲಿನಲ್ಲಿ "ನಿಮ್ಮಲ್ಲಿ ಎಷ್ಟು, ನಮ್ಮಲ್ಲಿ ಎಷ್ಟು" ಎಂದು ಹೋಲಿಸಿಕೊಳ್ಳಿ. ಒಂದು ಮಳೆಗಾಲ ಹೀಗೆ ಮಾಡಿದರೆ, ಯಾವ ಮುನ್ಸೂಚನೆಯನ್ನು ಎಷ್ಟು ನಂಬಬೇಕು ಎಂಬ ಅಂದಾಜು ತಮ್ಮ ಮನೆಯವರಿಗೇ ಬರುತ್ತದೆ.

ಮೂರನೆಯದು ದಾಮಿನಿ. ಇದು ಸಿಡಿಲಿನ ಆ್ಯಪ್. ಇದೂ ಪುಣೆಯ ಅದೇ ಸಂಸ್ಥೆಯ ಕೆಲಸ. ದೇಶದ ಅಲ್ಲಲ್ಲಿ ನಿಲ್ಲಿಸಿದ ಯಂತ್ರಗಳು ಮಿಂಚನ್ನು ಗುರುತಿಸುತ್ತವೆ. ತಾವಿರುವ ಜಾಗದಿಂದ 20 ಕಿಲೋಮೀಟರ್ ಮತ್ತು 40 ಕಿಲೋಮೀಟರ್ ಸುತ್ತಳತೆಯಲ್ಲಿ ಸಿಡಿಲು ಬೀಳುತ್ತಿದೆಯೇ ಎಂಬುದನ್ನು ಆ್ಯಪ್ ತೋರಿಸಿ ಎಚ್ಚರಿಸುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಹೊಲಕ್ಕೆ ಹೋಗುವವರು, ಕುರಿ ಮೇಯಿಸುವವರು ಇದನ್ನು ಹಾಕಿಕೊಳ್ಳಲೇಬೇಕು ಎಂದು ನನ್ನ ಕಳಕಳಿಯ ವಿನಂತಿ.

ನೆಟ್‌ವರ್ಕ್ ಸಿಗದಿದ್ದರೆ? ಆಗಲೂ ಉಪಾಯವಿದೆ, ಅದಕ್ಕೆ ಮೊಬೈಲೇ ಬೇಡ. ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಎಂದು ಎಣಿಸಿ. ಗುಡುಗು ಕೇಳುವ ಹೊತ್ತಿಗೆ ಎಷ್ಟು ಸೆಕೆಂಡು ಆಯಿತೋ ಅದನ್ನು ಮೂರರಿಂದ ಭಾಗಿಸಿದರೆ ಅಷ್ಟು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗಿತೆಂದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗೇ ಇದೆ. ಕೈಯ ಕೆಲಸ ಅಲ್ಲೇ ಬಿಟ್ಟು ಗಟ್ಟಿ ಮನೆಯೊಳಗೆ ಸೇರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಬರಬೇಡಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ದನಗಳನ್ನೂ ಅಲ್ಲಿ ಕಟ್ಟಬೇಡಿ. ತಂತಿಬೇಲಿ, ಪಂಪುಸೆಟ್ಟು, ವಿದ್ಯುತ್ ಕಂಬದಿಂದ ದೂರವಿರಿ. ಬಯಲಿನಲ್ಲಿ ಸಿಕ್ಕಿಬಿದ್ದರೆ ಎರಡು ಪಾದ ಜೋಡಿಸಿ ಕುಕ್ಕರುಗಾಲಿನಲ್ಲಿ ಕೂತುಕೊಳ್ಳಿ, ನೆಲದ ಮೇಲೆ ಮಲಗಬೇಡಿ. "ಇನ್ನೊಂದು ಸಾಲು ಮುಗಿಸಿಬಿಡೋಣ" ಎಂಬ ಮಾತೇ ಎಷ್ಟೋ ಮನೆಗಳಿಗೆ ಕಂಟಕವಾಗಿದೆ.

ನಾಲ್ಕನೆಯ ಸಂಗತಿ ಆ್ಯಪ್ ಅಲ್ಲ, ಮೊಬೈಲಿನ ಕ್ಯಾಮೆರಾ. ಮದುವೆ ಮನೆಯಲ್ಲಿ ಫೋಟೋ ತೆಗೆಯುವ ಇದೇ ಕ್ಯಾಮೆರಾ ಬೆಳೆಯ ಡಾಕ್ಟರಿಗೆ ಕಣ್ಣಾಗಬಲ್ಲುದು. ರೈತ ಸಂಪರ್ಕ ಕೇಂದ್ರಕ್ಕೆ ಬರುವ ಎಷ್ಟೋ ಫೋಟೋಗಳಲ್ಲಿ ಎಲೆಗಿಂತ ಬೆರಳೇ ಹೆಚ್ಚು ಕಾಣುತ್ತದೆ. ಅದನ್ನು ನೋಡಿ ರೋಗ ಹೇಳುವುದು ಹೇಗೆ ಸ್ವಾಮಿ? ನಾಲ್ಕು ಫೋಟೋ ತೆಗೆಯಿರಿ. ಒಂದು, ದೂರದಿಂದ ಇಡೀ ತಾಕು, ರೋಗ ಮೂಲೆಯಲ್ಲಿದೆಯೋ ಎಲ್ಲಾ ಕಡೆ ಇದೆಯೋ ಕಾಣುವಂತೆ. ಎರಡು, ಬುಡದಿಂದ ತುದಿಯವರೆಗೆ ಒಂದು ಗಿಡ. ಮೂರು, ಎಲೆಯ ಮೇಲ್ಭಾಗ. ನಾಲ್ಕು, ಎಲೆಯ ಅಡಿಭಾಗ. ಹೇನು, ನುಸಿ, ಥ್ರಿಪ್ಸ್ ಅಡಗುವುದು ಅಲ್ಲಿಯೇ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಹುಳುವಿನ ಗಾತ್ರ ತಿಳಿಯುತ್ತದೆ. ನೆತ್ತಿಯ ಬಿಸಿಲಿನಲ್ಲಿ ಬೇಡ, ತಮ್ಮ ಮೈಯ ನೆರಳು ಬೀಳಿಸಿ ತೆಗೆಯಿರಿ. ಯಾವ ತಳಿ, ನೆಟ್ಟು ಎಷ್ಟು ದಿನ, ಏನು ಸಿಂಪಡಿಸಿದ್ದೀರಿ ಎಂಬುದನ್ನೂ ತಿಳಿಸಿ. ಫೋಟೋ ನೋಡಿ ರೋಗ ಹೇಳುವ ಆ್ಯಪ್‌ಗಳೂ ಬಂದಿವೆ. ಅವು ಹೇಳಿದ್ದನ್ನು ಒಂದು ಸುಳಿವು ಎಂದು ತಿಳಿಯಿರಿ. ಔಷಧಿ ಕೊಳ್ಳುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿಯೋ, ಕಿಸಾನ್ ಕಾಲ್ ಸೆಂಟರಿನಲ್ಲಿಯೋ ಕೇಳಿ. ಅದರ ನಂಬರು 1800-180-1551. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಹಣವಿಲ್ಲ.

ಇನ್ನು ಮಾರುಕಟ್ಟೆ. ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿ ಎಂಬ ಜಾಲತಾಣದಲ್ಲಿ ರಾಜ್ಯದ ಮಾರುಕಟ್ಟೆಗಳ ಧಾರಣೆ ಸಿಗುತ್ತದೆ. ಅಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಬೆಲೆ ಇರುತ್ತದೆ. ನಮ್ಮ ಕಣ್ಣು ಮೊದಲು ಗರಿಷ್ಠದ ಮೇಲೆ ಬೀಳುತ್ತದೆ. ಆ ಬೆಲೆ ಸಿಕ್ಕಿದ್ದು ಒಂದೆರಡು ಉತ್ತಮ ಲಾಟಿಗೆ ಮಾತ್ರ ಇರಬಹುದು. ಹೆಚ್ಚಿನ ಮಾಲು ಮಾರಾಟವಾದದ್ದು ಮಾದರಿ ಬೆಲೆಗೆ. ಗಾಡಿ ಬಾಡಿಗೆ ಲೆಕ್ಕ ಹಾಕುವಾಗ ಅದನ್ನೇ ಹಿಡಿಯಿರಿ.

ಇಷ್ಟು ಹೊತ್ತು ದುಡಿಮೆಯ ಮಾತಾಯಿತು. ಈಗ ಸ್ವಲ್ಪ ಸಂತೋಷದ ಮಾತು.

ಅಕ್ಷರ ಒತ್ತಿ ಬರೆಯುವುದು ಕಷ್ಟ ಎನ್ನುವ ತಾಯಂದಿರಿಗೆ ಒಂದು ಸಂಗತಿ. ಮೊಬೈಲಿನ ಅಕ್ಷರಮಣೆಯಲ್ಲಿ ಮೈಕಿನ ಚಿತ್ರವಿರುತ್ತದೆ. ಅದನ್ನು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಗೂಗಲ್‌ನವರು 2017ರಲ್ಲಿ ಈ ಸೌಲಭ್ಯವನ್ನು ಕನ್ನಡಕ್ಕೂ ತಂದರು. ಮಗಳಿಗೆ ಒಂದು ಕಾಗದ ಹೇಳಿ ಬರೆಸಿದ ಹಾಗೆಯೇ. ಒಂದೊಂದು ಸಲ ನಮ್ಮ ಕಡೆಯ ಮಾತು ಅದಕ್ಕೆ ತಿಳಿಯದೆ ತಮಾಷೆಯಾಗಿ ಏನೇನೋ ಬರೆಯುತ್ತದೆ. ಕಳಿಸುವ ಮುಂಚೆ ಒಮ್ಮೆ ಓದಿಸಿ ನೋಡಿ.

ಅಲರ್ ಎಂಬ ಒಂದು ನಿಘಂಟು ಅಂತರಜಾಲದಲ್ಲಿದೆ. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಕೊಡುತ್ತದೆ. ವಿ. ಕೃಷ್ಣ ಎಂಬುವರು ಸುಮಾರು ನಾಲ್ಕು ದಶಕ ಶ್ರಮಪಟ್ಟು ಕಟ್ಟಿದ, ಒಂದೂವರೆ ಲಕ್ಷದಷ್ಟು ಪದಗಳ ಕಣಜ ಅದು. 2019ರಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟರು. ಇದರಿಂದ ಒಂದು ಆಟ ಆಡಬಹುದು. ಅಜ್ಜಿ ಹಳೆಯದೊಂದು ಮಾತು ಹೇಳಲಿ, ಕಣದ್ದೋ, ಕೊಟ್ಟಿಗೆಯದ್ದೋ, ಅಡಿಗೆಮನೆಯದ್ದೋ. ಮೊಮ್ಮಗ ನಿಘಂಟಿನಲ್ಲಿ ಹುಡುಕಲಿ. ಸಿಕ್ಕರೆ ಮೊಮ್ಮಗನಿಗೆ ಒಂದು ಇಂಗ್ಲಿಷ್ ಪದ ಲಾಭ. ಸಿಗದಿದ್ದರೆ ಅಜ್ಜಿಗೆ ಗೆಲುವು, ಆ ಮಾತನ್ನು ಪುಸ್ತಕದಲ್ಲಿ ಬರೆದಿಡಿ.

ಇನ್ನೊಂದು, ಆಕಾಶದ್ದು. ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುತ್ತಿದೆ. 2000ದ ನವೆಂಬರಿನಿಂದ ಅದರಲ್ಲಿ ಮನುಷ್ಯರು ಬಿಡದೆ ವಾಸವಾಗಿದ್ದಾರೆ. ತೊಂಬತ್ತು ನಿಮಿಷಕ್ಕೆ ಭೂಮಿಯನ್ನು ಒಂದು ಸುತ್ತು ಹಾಕುತ್ತದೆ. ಅದು ನಮ್ಮೂರ ಮೇಲೆ ಯಾವ ದಿನ, ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನು ತಿಳಿಸುವ "ಸ್ಪಾಟ್ ದಿ ಸ್ಟೇಷನ್" ಎಂಬ ಆ್ಯಪ್ ಅಮೆರಿಕದ ನಾಸಾ ಸಂಸ್ಥೆಯದು. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ, ಇಲ್ಲವೇ ನಸುಕಿನಲ್ಲಿ ನೋಡಬೇಕು. ನಮಗೆ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಬಿಸಿಲಿರುತ್ತದೆ, ಆ ಬಿಸಿಲಿಗೆ ಅದು ಹೊಳೆಯುತ್ತದೆ. ಮಿಣುಕದೆ, ಸದ್ದಿಲ್ಲದೆ, ಒಂದೇ ಸಮನೆ ನಾಲ್ಕೈದು ನಿಮಿಷದಲ್ಲಿ ಆಕಾಶ ದಾಟಿಹೋಗುತ್ತದೆ.

2025ರ ಜೂನ್ ತಿಂಗಳಿನಲ್ಲಿ ಭಾರತದ ಶುಭಾಂಶು ಶುಕ್ಲಾ ಅವರು ಅಲ್ಲಿಗೆ ಹೋಗಿ ಜುಲೈನಲ್ಲಿ ಮರಳಿದರು. ಅವರ ಜೊತೆ ಹೋದದ್ದು ಏನು ಗೊತ್ತೇ? ನಮ್ಮ ಹೆಸರುಕಾಳು ಮತ್ತು ಮೆಂತ್ಯ! ತೂಕವೇ ಇಲ್ಲದ ಕಡೆ ಕಾಳು ಹೇಗೆ ಮೊಳೆಯುತ್ತದೆ ಎಂದು ತಿಳಿಯಲು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ಧಾರವಾಡದ ಐಐಟಿಯ ವಿಜ್ಞಾನಿಗಳು ರೂಪಿಸಿದ ಪ್ರಯೋಗ ಅದು. ಆ ಚುಕ್ಕೆ ತಲೆಯ ಮೇಲೆ ಹಾಯುವಾಗ ಮಕ್ಕಳಿಗೆ ಈ ಮಾತು ಹೇಳಿ. ಬಿಟಿಎಂ ಬಡಾವಣೆಯ ಬೀದಿದೀಪಗಳ ನಡುವೆ ಆ ನಿಲ್ದಾಣವೇನೋ ಕಂಡೀತು, ಅದರ ಹಿಂದಿನ ಸಣ್ಣ ನಕ್ಷತ್ರಗಳು ಕಾಣಿಸವು. ಅದಕ್ಕೆ ನಮ್ಮ ಹಳ್ಳಿಯ ಕತ್ತಲೇ ಬೇಕು. ಹಬ್ಬಕ್ಕೆ ಬಂದ ಮಕ್ಕಳನ್ನು ಕಣಕ್ಕೆ ಕರೆದುಕೊಂಡು ಹೋಗಿ, ಒಕ್ಕಲುಮಕ್ಕಳು ಬಿತ್ತನೆಯ ಕಾಲ ಹೇಳಲು ನೋಡುತ್ತಿದ್ದ ಕೃತ್ತಿಕೆ, ರೋಹಿಣಿ, ಮೃಗಶಿರ ನಕ್ಷತ್ರಗಳನ್ನು ತಾವೇ ತೋರಿಸಿ. ಇದು ತಾವು ಅವರಿಗೆ ಹೇಳಿಕೊಡಬಲ್ಲ ಪಾಠ.

ಕೊನೆಯದಾಗಿ, ಕಳೆ ಕೀಳುವ ಮಾತು. ಒಳ್ಳೆಯ ಪೈರು ಇದ್ದಲ್ಲಿ ಕಳೆಯೂ ಇರುತ್ತದೆ. ಪಿಎಂ ಕಿಸಾನ್ ಕಂತಿನ ಹೆಸರಿನಲ್ಲಿ, ಬ್ಯಾಂಕಿನ ಹೆಸರಿನಲ್ಲಿ, ಮದುವೆ ಕರೆಯೋಲೆಯ ಹೆಸರಿನಲ್ಲಿ ವಾಟ್ಸಾಪಿಗೆ ಒಂದು ಕಡತ ಬರುತ್ತದೆ. ಹೆಸರಿನ ತುದಿಯಲ್ಲಿ "ಎಪಿಕೆ" ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಕಾಗದವಲ್ಲ, ಮೊಬೈಲಿನೊಳಗೆ ಕೂರುವ ಆ್ಯಪ್. ಅದನ್ನು ಒತ್ತಬೇಡಿ, ಅಳಿಸಿಹಾಕಿ. ಆ್ಯಪ್ ಬೇಕಾದರೆ ಮೊಬೈಲಿನಲ್ಲೇ ಇರುವ ಪ್ಲೇ ಸ್ಟೋರಿನಿಂದ, ತಯಾರಿಸಿದವರ ಹೆಸರು ಓದಿ ಹಾಕಿಕೊಳ್ಳಿ. ಐದು ನಿಮಿಷದಲ್ಲಿ ಸಾಲ ಎನ್ನುವ ಆ್ಯಪ್‌ಗಳ ಹತ್ತಿರ ಸುಳಿಯಬೇಡಿ. ಅಂಥವರು ತಮ್ಮ ಮೊಬೈಲಿನಲ್ಲಿರುವ ನೆಂಟರಿಷ್ಟರ ನಂಬರುಗಳನ್ನು ಎತ್ತಿಕೊಂಡು ಮರ್ಯಾದೆ ಕಳೆಯುತ್ತಾರೆ. ಹಣ ಕೊಡುವಾಗ ಮಾತ್ರ ಪಿನ್ ಬೇಕು, ಹಣ ಬರುವುದಕ್ಕೆ ಪಿನ್ ಬೇಡ. "ನಿಮಗೆ ದುಡ್ಡು ಹಾಕ್ತೀವಿ, ಪಿನ್ ಒತ್ತಿ" ಎಂದರೆ ಅವನು ಕಳ್ಳ. ಹಣ ಹೋಯಿತೆಂದು ತಿಳಿದ ಕ್ಷಣವೇ 1930 ನಂಬರಿಗೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆಯಿಂದ ಒಂದು ದಿನ ಸುಮ್ಮನಿದ್ದರೆ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ಬಂಧುಗಳೇ, ಇವೆಲ್ಲವನ್ನೂ ಒಂದೇ ದಿನ ಕಲಿಯಬೇಕಾಗಿಲ್ಲ. ಈ ವಾರ ಎರಡೇ ಕೆಲಸ ಮಾಡಿ. ದಾಮಿನಿ ಆ್ಯಪ್ ಹಾಕಿಸಿಕೊಳ್ಳಿ, ಮನೆಯ ಹಿಂದೆ ಮಳೆಯಳತೆಯ ಡಬ್ಬಿ ಇಡಿ. ಬರುವ ವಾರ ದಿಶಾಂಕ್ ಹಿಡಿದು ಹೊಲ ಸುತ್ತಿ ಬನ್ನಿ. ತಮಗೆ ತಿಳಿದದ್ದನ್ನು ಪಕ್ಕದ ಮನೆಯವರಿಗೂ ತೋರಿಸಿ. ಬೀಜ ಹಂಚಿಕೊಂಡರೆ ಊರಿಗೆಲ್ಲ ತಳಿ ಹಬ್ಬುವ ಹಾಗೆ ಇದೂ ಹಬ್ಬಬೇಕು. ಸಂದೇಹವಿದ್ದರೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ, ಮೊಬೈಲನ್ನೂ ಜೊತೆಗೆ ತನ್ನಿ, ಕೂತು ನೋಡೋಣ.